ಮಗುಚುವುದನ್ನು ಮೊದಲೇ ನೆನೆದು ಕಟ್ಟುವ ದೋಣಿ

ಮನೆಯಲ್ಲೇ ಒಂದು ಕಯಾಕ್ ಕಟ್ಟಬೇಕೆಂದು ಹೊರಟವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ಪ್ಲೈವುಡ್ ಬೇಕು? ಎಷ್ಟು ಖರ್ಚಾದೀತು? ಎಷ್ಟು ಭಾನುವಾರಗಳು ಹಿಡಿಯುತ್ತವೆ? ಕಾರಿನ ಮೇಲೆ ಕಟ್ಟಿಕೊಂಡು ಹೋಗಬಹುದೇ? ಎಲ್ಲವೂ ಕೇಳಬೇಕಾದವೇ. ಆದರೆ ಮರದ ಮೇಲೆ ಮೊದಲ ಗೆರೆ ಎಳೆಯುವ ಮುಂಚೆ ಇನ್ನೊಂದನ್ನು ಕೇಳಿಕೊಳ್ಳಬೇಕು: ದಡದಿಂದ ದೂರದಲ್ಲಿ ಇದು ಮಗುಚಿದರೆ, ಹತ್ತಿರ ಯಾರೂ ಇಲ್ಲದಿದ್ದರೆ, ನಾನು ಮತ್ತೆ ಇದರೊಳಗೆ ಹೇಗೆ ಕೂರುತ್ತೇನೆ?

ಕಯಾಕ್ ಮಗುಚುವುದು ಸಹಜ. ಹದಿನೈದು ಹದಿನೇಳು ಅಡಿ ಉದ್ದ, ಎರಡಡಿಗೂ ಕಡಿಮೆ ಅಗಲ. ಈ ಸಪೂರ ಮೈಯಿಂದಲೇ ಅದು ಒಬ್ಬರ ತೋಳ್ಬಲದಲ್ಲಿ ಸಲೀಸಾಗಿ ಓಡುತ್ತದೆ, ಅದೇ ಕಾರಣಕ್ಕೆ ಪಕ್ಕಕ್ಕೂ ವಾಲುತ್ತದೆ. ಹಾಗಾಗಿ ಎಂದೂ ಮಗುಚದ ಕಯಾಕ್ ಕಟ್ಟುತ್ತೇನೆಂದು ಹೊರಡುವುದರಲ್ಲಿ ಅರ್ಥವಿಲ್ಲ. ಮಗುಚಿದ ಮೇಲೂ ತೇಲುವ, ಹಿಡಿತಕ್ಕೆ ಸಿಗುವ, ಮತ್ತೆ ಹತ್ತಿಸಿಕೊಳ್ಳುವ ಕಯಾಕ್ ಕಟ್ಟಬಹುದು. ಅಂಗಡಿಯ ದೋಣಿ ಕೊಳ್ಳುವವರಿಗಿಂತ ಕಟ್ಟುವವರಿಗೆ ಇಲ್ಲಿ ಅನುಕೂಲ ಹೆಚ್ಚು. ಅಡ್ಡಗೋಡೆ ಎಲ್ಲಿರಬೇಕು, ಹಗ್ಗ ಎಲ್ಲಿ ಹಾಯಬೇಕು, ಹಿಂದಿನ ಡೆಕ್ ಎಷ್ಟು ತಗ್ಗಿರಬೇಕು ಎಂಬುದೆಲ್ಲ ಅವರ ಕೈಯಲ್ಲೇ ಇದೆ.

ಹರಿಗೋಲಿನ ದೂರದ ನೆಂಟ

ಹಂಪಿಯಲ್ಲಿ ತುಂಗಭದ್ರೆ ದಾಟಿದವರಿಗೆ, ಹೊಗೇನಕಲ್ಲಿಗೆ ಹೋದವರಿಗೆ ಹರಿಗೋಲು ಗೊತ್ತು. ಬಿದಿರಿನ ಹೆಣಿಗೆ, ಅದರ ಮೇಲೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಕಯಾಕ್ ಹುಟ್ಟಿದ್ದೂ ಇದೇ ತತ್ತ್ವದಲ್ಲಿ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನರ ಭಾಷೆಯ ‘ಕಯಾಕ್’ ಎಂಬ ಮಾತೇ ಇಂದು ಲೋಕದ ಮಾತಾಗಿದೆ. ದೋಣಿ ಮಾಡುವಂಥ ಮರ ಬೆಳೆಯದ ಆ ನಾಡಿನಲ್ಲಿ, ಕಡಲು ತಂದು ದಡಕ್ಕೆ ಹಾಕಿದ ಮರದ ತುಂಡುಗಳಿಂದ ಹಂದರ ಕಟ್ಟಿ, ಸೀಲ್ ಚರ್ಮವನ್ನು ಬಿಗಿಯಾಗಿ ಹೊಲಿದು ಹೊದಿಸುತ್ತಿದ್ದರು. ಅಳತೆಗೋಲು ಬೇಟೆಗಾರನ ಮೈಯೇ. ಉದ್ದ ಅವನ ಮೂರು ಮಾರು, ಅಗಲ ಅವನ ಸೊಂಟಕ್ಕೆ ಎರಡು ಮುಷ್ಟಿ ಸೇರಿದಷ್ಟು. ದೋಣಿಯನ್ನು ಹತ್ತುವುದಕ್ಕಿಂತ ಅಂಗಿಯಂತೆ ತೊಡುತ್ತಿದ್ದರು ಎನ್ನಬೇಕು.

ಅವರ ಸುರಕ್ಷತೆಯ ಯೋಚನೆಯೂ ದೋಣಿಯ ಜೊತೆಗೇ ಬೆಳೆದದ್ದು. ಸೀಲ್ ಚರ್ಮದ ಮೇಲಂಗಿಯ ಅಂಚನ್ನು ಕೂರುವ ಕಂಡಿಯ ಸುತ್ತ ಬಿಗಿದರೆ ಒಂದು ಹನಿ ನೀರೂ ಒಳಗೆ ಬಾರದು. ಮಗುಚಿದರೆ ಹೊರಗೆ ಬರುವ ಮಾತಿಲ್ಲ, ಏಕೆಂದರೆ ಹಿಮ ತೇಲುವ ನೀರಿನಲ್ಲಿ ಮನುಷ್ಯ ಹೆಚ್ಚು ಹೊತ್ತು ಉಳಿಯಲಾರ. ಕುಳಿತಲ್ಲೇ ಹುಟ್ಟಿನಿಂದ ನೀರನ್ನು ಒತ್ತಿ, ಸೊಂಟ ತಿರುಗಿಸಿ, ದೋಣಿಯ ಸಮೇತ ಮೇಲೇಳಬೇಕು. ಇದೇ ಇಂದಿನವರು ಹೇಳುವ ‘ರೋಲ್’. ಹುಟ್ಟು ಕೈಜಾರಿದರೆ ಈಟಿ ಎಸೆಯುವ ಹಲಗೆಯಿಂದ, ಅದೂ ಇಲ್ಲದಿದ್ದರೆ ಬರಿಗೈಯಿಂದ, ಒಂದು ತೋಳು ಹಗ್ಗದಲ್ಲಿ ಸಿಕ್ಕಿಕೊಂಡರೆ ಇನ್ನೊಂದರಿಂದ ಏಳುವ ಕ್ರಮಗಳೂ ಇದ್ದವು. ಗ್ರೀನ್‌ಲ್ಯಾಂಡಿನ ಸ್ಪರ್ಧೆಗಳಲ್ಲಿ ಇಂದಿಗೂ ಮೂವತ್ತಕ್ಕೂ ಹೆಚ್ಚು ಬಗೆಯ ರೋಲ್‌ಗಳನ್ನು ಮಾಡಿ ತೋರಿಸುತ್ತಾರೆ.

ಈ ವಿದ್ಯೆಯನ್ನು ಅವರಿಂದ ಚೆನ್ನಾಗಿ ಕಲಿತ ಮೊದಮೊದಲ ಯುರೋಪಿಯನ್ನರಲ್ಲಿ ಇಂಗ್ಲೆಂಡಿನ ಜೀನೋ ವಾಟ್ಕಿನ್ಸ್ ಒಬ್ಬ. 1930–31ರಲ್ಲಿ ಗ್ರೀನ್‌ಲ್ಯಾಂಡಿಗೆ ಹೋದ ಸಂಶೋಧನಾ ತಂಡದ ನಾಯಕ. 1932ರ ಆಗಸ್ಟ್ 20ರಂದು ಅವನು ಒಬ್ಬನೇ ಕಯಾಕ್‌ನಲ್ಲಿ ಸೀಲ್ ಬೇಟೆಗೆ ಹೊರಟ. ಅದೇ ದಿನ ಅವನ ಕಯಾಕ್ ಬೋರಲಾಗಿ ತೇಲುತ್ತಿದ್ದುದು ಸಂಗಡಿಗರಿಗೆ ಕಂಡಿತು. ಅವನು ಸಿಗಲೇ ಇಲ್ಲ. ವಯಸ್ಸು 25. ರೋಲ್ ಬಲ್ಲವನೂ ಒಬ್ಬಂಟಿಯಾಗಿದ್ದರೆ ಒಂದು ಉಪಾಯ ಸಾಲದು. ಕಯಾಕ್ ಕಟ್ಟುವವರು ಈ ಘಟನೆಯನ್ನು ಮರೆಯಬಾರದು.

ನೀರು ತುಂಬಿದರೆ ಏನಾಗುತ್ತದೆ

ಲೆಕ್ಕ ಸರಳ. ಒಂದು ಲೀಟರ್ ನೀರು ಒಂದು ಕಿಲೋ. ಒಳಗೆ ಅಡ್ಡಗೋಡೆಗಳೇ ಇಲ್ಲದ ಉದ್ದದ ಕಯಾಕ್ ಮಗುಚಿದರೆ ಇನ್ನೂರು ಲೀಟರಿಗೂ ಹೆಚ್ಚು ನೀರು ತುಂಬಬಹುದು. ಇಪ್ಪತ್ತು ಕಿಲೋದ ದೋಣಿ ಇನ್ನೂರಿಪ್ಪತ್ತು ಕಿಲೋ ಆಯಿತು. ಅದನ್ನು ನೀರಿನಲ್ಲಿ ಈಜುತ್ತಿರುವ ಒಬ್ಬ ವ್ಯಕ್ತಿ ಎತ್ತಿ ಬರಿದು ಮಾಡುವುದು ಆಗದ ಮಾತು. ಹೇಗೋ ಹತ್ತಿ ಕುಳಿತರೂ ಒಳಗಿನ ನೀರು ಅತ್ತಿತ್ತ ಹೊಯ್ದಾಡಿ ಮತ್ತೆ ಕೆಡವುತ್ತದೆ. ಒಂದೇ ತುದಿಯಲ್ಲಿ ಗಾಳಿ ಉಳಿದರೆ ಇನ್ನೂ ಕೆಟ್ಟದ್ದು. ದೋಣಿ ನೆಟ್ಟಗೆ ಕಂಬದಂತೆ ನಿಂತು ಮೂತಿ ಮಾತ್ರ ಹೊರಗೆ ಕಾಣುತ್ತದೆ. ಕಯಾಕ್‌ನವರು ಇದನ್ನು ‘ಕ್ಲಿಯೋಪಾತ್ರಳ ಸೂಜಿ’ ಎಂದು ತಮಾಷೆ ಮಾಡುತ್ತಾರೆ, ನೀರಿನಲ್ಲಿದ್ದವರಿಗೆ ಅದು ತಮಾಷೆಯಲ್ಲ.

ಇದಕ್ಕೆ ಉತ್ತರ ಚೆನ್ನೈನ ಮರೀನಾ ಕಡಲತೀರದಲ್ಲೂ ಇದೆ. ಅಲ್ಲಿನ ಮೀನುಗಾರರ ಕಟ್ಟುಮರ ಎಂದರೆ ಹೆಸರೇ ಹೇಳುವಂತೆ ಕಟ್ಟಿದ ಮರ. ನಮಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನೀರು ಮೇಲೆ ಬಂದರೆ ಸಂದುಗಳಿಂದ ಇಳಿದು ಹೋಗುತ್ತದೆ. ತುಂಬಿಕೊಳ್ಳಲು ಒಳಗೆಂಬುದೇ ಇಲ್ಲ, ಆದ್ದರಿಂದ ಮುಳುಗುವುದೂ ಇಲ್ಲ. ರೆಸಾರ್ಟುಗಳಲ್ಲಿ ಬಾಡಿಗೆಗೆ ಸಿಗುವ, ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್‌ಗಳದ್ದೂ ಇದೇ ಗುಣ. ಒಳಗೆ ಕೂರುವ ಕಯಾಕ್ ಕಟ್ಟುವವರು ಈ ಗುಣವನ್ನು ಆದಷ್ಟು ಒಳಗೆ ತರಬೇಕು. ಅಂದರೆ ನೀರು ಸೇರುವ ಜಾಗವನ್ನು ಕುಗ್ಗಿಸಬೇಕು.

ಅದಕ್ಕೇ ಎರಡು ಅಡ್ಡಗೋಡೆಗಳು. ಮುಂದಿನದು ಪಾದಗಳ ಆಚೆ ತುಸುವೇ ದೂರದಲ್ಲಿ, ಹಿಂದಿನದು ಆಸನದ ಬೆನ್ನಿಗೇ. ಹಿಂದಿನ ಗೋಡೆಯನ್ನು ಸ್ವಲ್ಪ ಓರೆಯಾಗಿ ಕೂರಿಸಿದರೆ, ಬೋರಲಾದ ದೋಣಿಯ ಮೂತಿ ಎತ್ತಿದಾಗ ನೀರೆಲ್ಲ ಕಂಡಿಯಿಂದ ಸುರಿದುಹೋಗುತ್ತದೆ, ಮೂಲೆಯಲ್ಲಿ ನಿಲ್ಲುವುದಿಲ್ಲ. ಎರಡು ಗೋಡೆಗಳಿಂದಾಚೆಯ ಗಾಳಿಯೇ ದೋಣಿಯನ್ನು ಸಮತಟ್ಟಾಗಿ ತೇಲಿಸುತ್ತದೆ. ಗೋಡೆಯಲ್ಲಿ ಒಂದೆರಡು ಮಿಲಿಮೀಟರಿನ ಸಣ್ಣ ತೂತು ಬಿಡುವುದು ವಾಡಿಕೆ. ಮೇ ತಿಂಗಳ ಬಿಸಿಲಲ್ಲಿ ಕಾದ ದೋಣಿ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಆಡಲು ದಾರಿಯಿಲ್ಲದಿದ್ದರೆ ಅಂಟಿದ ಸಂದು ಬಿರಿಯಬಹುದು, ಇಲ್ಲವೇ ಮುಚ್ಚಳದ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳಬಹುದು.

ಮುಚ್ಚಳಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಅವು ಒಂದಲ್ಲ ಒಂದು ದಿನ ಸೋರುತ್ತವೆ, ಅಲೆಯ ಹೊಡೆತಕ್ಕೆ ಕಿತ್ತುಕೊಂಡೂ ಹೋಗುತ್ತವೆ. ಅದಕ್ಕೆ ಎರಡೂ ಕೋಣೆಗಳಲ್ಲಿ ನೀರು ಹೀರದ ಪಾಲಿಎಥಿಲೀನ್ ಫೋಮ್ ತುಂಡುಗಳನ್ನೋ ಗಾಳಿಚೀಲಗಳನ್ನೋ ಕದಲದಂತೆ ಕಟ್ಟಿಡಬೇಕು. ಬಿರಡೆ ಬಿಗಿದ ಖಾಲಿ ನೀರಿನ ಬಾಟಲಿಗಳೂ ಆದೀತು. ಒಂದು ಲೀಟರಿನ ಇಪ್ಪತ್ತು ಬಾಟಲಿಗಳು ನೀರಿನೊಳಗೆ ಸುಮಾರು ಇಪ್ಪತ್ತು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತವೆ.

ಹೊಲಿದು ಅಂಟಿಸುವ ವಿದ್ಯೆ

ಬಡಗಿಯ ಕಸುಬು ಬಾರದವರೂ ದೋಣಿ ಕಟ್ಟುವಂತಾದದ್ದು 1960ರ ದಶಕದಲ್ಲಿ. ತೆಳು ಪ್ಲೈವುಡ್ ಹಲಗೆಗಳನ್ನು ನಕ್ಷೆಯಂತೆ ಕತ್ತರಿಸಿ, ಅಂಚುಗಳಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಸಂದುಗಳಿಗೆ ಒಳಗಿನಿಂದ ಅಂಟು, ಗ್ಲಾಸ್ ಫೈಬರ್ ಪಟ್ಟಿ ಹಾಕುವ ಕ್ರಮ ಇದು. ಬ್ರಿಟನ್ನಿನ ‘ಮಿರರ್’ ಎಂಬ ಪುಟ್ಟ ಹಾಯಿದೋಣಿ ಇದನ್ನು ಮನೆಮನೆಗೆ ಮುಟ್ಟಿಸಿತು. ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ, ‘ಡೇಲಿ ಮಿರರ್’ ಪತ್ರಿಕೆಯ ಬೆಂಬಲದಿಂದ ಬಂದ ಈ ದೋಣಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಇಂದು ಮನೆಯಲ್ಲಿ ಕಟ್ಟುವ ಪ್ಲೈವುಡ್ ಕಯಾಕ್‌ಗಳಲ್ಲಿ ಬಹುಪಾಲು ಇದೇ ವಿಧಾನದವು.

ಬೇಕಾದದ್ದು ಸಾಮಾನ್ಯವಾಗಿ ನಾಲ್ಕು ಮಿಲಿಮೀಟರಿನ ಮರೀನ್ ಪ್ಲೈವುಡ್. ಭಾರತದಲ್ಲಿ ಐಎಸ್ 710 ಎಂಬ ಗುರುತು ನೋಡಿ ಕೊಳ್ಳಬೇಕು. ಹಲಗೆ ಎಂಟಡಿಯದ್ದಾದ್ದರಿಂದ ಉದ್ದಕ್ಕೆ ಜೋಡಿಸಬೇಕಾಗುತ್ತದೆ. ದಪ್ಪದ ಎಂಟು ಪಟ್ಟು, ಅಂದರೆ 32 ಮಿಲಿಮೀಟರಿನಷ್ಟು ಓರೆಯಾಗಿ ಕೆತ್ತಿ ಒಂದರ ಮೇಲೊಂದು ಕೂರಿಸಿ ಅಂಟಿಸಿದರೆ ಜೋಡಣೆ ಹಲಗೆಯಷ್ಟೇ ಬಲವಾಗಿರುತ್ತದೆ. ಮೇಲೆ ಎಪಾಕ್ಸಿ, ಗ್ಲಾಸ್ ಫೈಬರ್ ಬಟ್ಟೆ, ಕೊನೆಗೆ ಬಣ್ಣ. ಎಪಾಕ್ಸಿ ಬಿಸಿಲಿಗೆ ಹಾಳಾಗುವುದರಿಂದ ಬಣ್ಣವನ್ನೋ ಬಿಸಿಲು ತಡೆಯುವ ವಾರ್ನಿಷನ್ನೋ ಬಿಡುವಂತಿಲ್ಲ.

ಮುಂಬಯಿ, ಚೆನ್ನೈ ಹವೆಯಲ್ಲಿ ಎಪಾಕ್ಸಿಯ ಸ್ವಭಾವ ಅರಿತಿರಬೇಕು. ಸೆಕೆಯಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಡಬ್ಬಿ ತುಂಬ ಒಮ್ಮೆಲೇ ಕಲಸಿದರೆ ತನ್ನಷ್ಟಕ್ಕೇ ಕುದಿಬಿಸಿಯಾಗಿ ಹೊಗೆಯಾಡುತ್ತದೆ. ಸ್ವಲ್ಪಸ್ವಲ್ಪವೇ ಕಲಸಿ ಅಗಲ ತಟ್ಟೆಗೆ ಸುರಿದುಕೊಳ್ಳುವುದು ಕ್ಷೇಮ. ತೇವದ ಹವೆಯಲ್ಲಿ ಮೇಲ್ಮೈಗೆ ಮೇಣದಂಥ ಪೊರೆ ಬರುತ್ತದೆ. ಅದನ್ನು ನೀರಿನಿಂದ ಉಜ್ಜಿ ತೊಳೆಯದೆ ಮುಂದಿನ ಲೇಪ ಹಾಕಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಕೈಗವಸು, ಮುಖಗವಸು ಕಡ್ಡಾಯ. ಬರಿಗೈಯಲ್ಲಿ ಮುಟ್ಟುತ್ತ ಹೋದರೆ ಜೀವನಪೂರ್ತಿ ಉಳಿಯುವ ಚರ್ಮದ ಅಲರ್ಜಿ ಬಂದೀತು.

ಫ್ಲಾಟಿನಲ್ಲಿ ಇರುವವರಿಗೆ ಇನ್ನೊಂದು ಸಮಸ್ಯೆ: ಹದಿನೇಳಡಿಯ ದೋಣಿ ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಮೆಟ್ಟಿಲಿನ ತಿರುವಿನಲ್ಲೂ ಹೊರಳುವುದಿಲ್ಲ. ಇದಕ್ಕೆ ಮೂರು ತುಂಡಿನ ಕಯಾಕ್ ಒಳ್ಳೆಯ ಪರಿಹಾರ. ಅಡ್ಡಗೋಡೆಗಳನ್ನು ಒಂದರ ಪಕ್ಕ ಒಂದು ಜೋಡಿಯಾಗಿ ಕೂರಿಸಿ, ದೋಣಿ ಪೂರ್ತಿಯಾದ ಮೇಲೆ ಆ ಜೋಡಿಯ ನಡುವೆ ಗರಗಸ ಆಡಿಸಿ ಬೇರ್ಪಡಿಸುತ್ತಾರೆ. ನೀರಿನ ಬಳಿ ಸ್ಟೀಲ್ ಬೋಲ್ಟುಗಳಿಂದ ಮತ್ತೆ ಬಿಗಿಯುತ್ತಾರೆ. ಜಾಗದ ಕೊರತೆಗೆ ಹುಡುಕಿದ ಈ ದಾರಿಯಿಂದ ಸುರಕ್ಷತೆಗೂ ಲಾಭ. ಒಂದಿದ್ದಲ್ಲಿ ಎರಡು ಗೋಡೆ, ಪ್ರತಿ ತುಂಡೂ ತಾನೇ ತೇಲುವ ಪೆಟ್ಟಿಗೆ.

ಹಿಡಿಯಲು ಹಗ್ಗ, ಹತ್ತಲು ಜಾಗ

ಒದ್ದೆಯಾದ, ಬಣ್ಣ ಬಳಿದ, ಬೋರಲಾದ ಕಯಾಕನ್ನು ಕೈಯಿಂದ ಹಿಡಿಯಲು ನೋಡಿ. ಕುಂಬಳಕಾಯಿಯಂತೆ ಜಾರುತ್ತದೆ. ಆದ್ದರಿಂದ ಡೆಕ್ಕಿನ ಅಂಚಿನುದ್ದಕ್ಕೂ ಆರು ಮಿಲಿಮೀಟರಿನ ಹಗ್ಗ ಹಾಯಿಸಬೇಕು. ಎರಡು ತುದಿಗಳಲ್ಲಿ ಅಡ್ಡ ಹಿಡಿಕೆಗಳಿರಲಿ. ತುದಿಯಲ್ಲಿ ಬರೀ ಹಗ್ಗದ ಕುಣಿಕೆ ಇದ್ದರೆ ದೋಣಿ ಅಲೆಯಲ್ಲಿ ಹೊರಳಿದಾಗ ಬೆರಳು ಸಿಕ್ಕಿ ತಿರುಚೀತು. ಹಗ್ಗ ಹಾಯುವ ಕೊಂಡಿಗಳನ್ನು ನಾಲ್ಕು ಮಿಲಿಮೀಟರಿನ ಪ್ಲೈವುಡ್ಡಿಗೆ ಬರೀ ಸ್ಕ್ರೂ ಹೊಡೆದು ನಿಲ್ಲಿಸಬೇಡಿ, ಒಂದೇ ಜಗ್ಗಿಗೆ ಕಿತ್ತುಬರುತ್ತವೆ. ಒಳಗಿನಿಂದ ದಪ್ಪ ಮರದ ಪಟ್ಟಿ ಕೊಟ್ಟು ಬೋಲ್ಟ್ ಹಾಕಬೇಕು. ಆ ಕೊಂಡಿಗಳನ್ನೇ ಹಿಡಿದು ಇಡೀ ದೋಣಿ ಎತ್ತಿದಾಗ ಏನೂ ಕದಲಬಾರದು.

ಕೂರುವ ಕಂಡಿ ಮೊದಲ ದೋಣಿಯಲ್ಲಿ ದೊಡ್ಡದಿರಲಿ. ಸುಮಾರು 80 ಸೆಂಟಿಮೀಟರ್ ಉದ್ದವಿದ್ದರೆ ಕುಳಿತಲ್ಲಿಂದಲೇ ಮೊಣಕಾಲು ಹೊರತೆಗೆಯಬಹುದು. ಗ್ರೀನ್‌ಲ್ಯಾಂಡಿನವರ ಪುಟ್ಟ ಕಂಡಿ ರೋಲ್ ಕೈವಶವಾದವರಿಗೆ ಸರಿ. ಹಿಂದಿನ ಡೆಕ್ ತಗ್ಗಾಗಿ, ಚಪ್ಪಟೆಯಾಗಿರಬೇಕು, ಏಕೆಂದರೆ ಹತ್ತುವುದು ಅದರ ಮೇಲೆಯೇ, ಹೊಟ್ಟೆಯ ಮೇಲೆ ತೆವಳಿಕೊಂಡು. ನೋಟಕ್ಕೆಂದು ಅಲ್ಲಿ ಎತ್ತರದ ಮುಚ್ಚಳವನ್ನೋ ಚೂಪು ಕೊಂಡಿಯನ್ನೋ ಕೂರಿಸಿದರೆ ಹತ್ತುವಾಗ ಲೈಫ್ ಜಾಕೆಟ್ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಕಂಡಿಯ ಹಿಂದೆಯೇ ಹುಟ್ಟನ್ನು ಅಡ್ಡಲಾಗಿ ಬಿಗಿದಿಡಲು ಗಟ್ಟಿ ಪಟ್ಟಿಗಳಿರಲಿ. ಎಳೆದರೆ ಹಿಗ್ಗುವ ರಬ್ಬರ್ ಹಗ್ಗ ಇಲ್ಲಿ ಸಾಲದು.

ಬಣ್ಣದ ಮಾತು. ಮರದ ನೇಯ್ಗೆ ಕಾಣುವ ವಾರ್ನಿಷ್ ಚೆಂದ, ನಿಜ. ಆದರೆ ನೀರಿನ ಮೇಲೆ ಕಂದು, ನೀಲಿ, ಬಿಳಿ ದೂರದಿಂದ ಕಾಣುವುದಿಲ್ಲ. ಡೆಕ್ಕಿಗಾದರೂ ಕಿತ್ತಳೆ ಇಲ್ಲವೇ ಹಳದಿ ಬಳಿಯಿರಿ.

ಮತ್ತೆ ಹತ್ತುವ ಬಗೆ

ಮಗುಚಿದ ಕೂಡಲೇ ಮಾಡಬೇಕಾದದ್ದು ಹೊರಬರುವುದು. ಸೊಂಟದ ಸುತ್ತ ಕಂಡಿಯನ್ನು ಮುಚ್ಚುವ ಸ್ಪ್ರೇ ಸ್ಕರ್ಟ್ ತೊಟ್ಟಿದ್ದರೆ ಅದರ ಮುಂದಿನ ಕುಣಿಕೆ ಯಾವಾಗಲೂ ಹೊರಗಿರಬೇಕು. ಅದನ್ನು ಮುಂದಕ್ಕೆ ಜಗ್ಗಿ ಬಿಚ್ಚಿ, ಪ್ಯಾಂಟಿನಿಂದ ಕಾಲು ತೆಗೆದಂತೆ ಹೊರಬನ್ನಿ. ಒಂದು ಕೈ ದೋಣಿಯ ಮೇಲೆ, ಇನ್ನೊಂದು ಹುಟ್ಟಿನ ಮೇಲೆ. ಗಾಳಿಯಿದ್ದರೆ ಖಾಲಿ ದೋಣಿ ನೀವು ಈಜುವುದಕ್ಕಿಂತ ಬೇಗ ಕೈಬಿಟ್ಟು ಹೋಗುತ್ತದೆ.

ಒಬ್ಬರೇ ಇದ್ದಾಗ ಕಲಿಯಲು ಸುಲಭವಾದದ್ದು ಪ್ಯಾಡಲ್ ಫ್ಲೋಟ್ ವಿಧಾನ. ಕಾರವಾರ, ಗೋವೆಯ ದಡಗಳಲ್ಲಿ ಒಂದು ಪಕ್ಕಕ್ಕೆ ತೇಲುಮರ ಕಟ್ಟಿದ ದೋಣಿಗಳನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ದೋಣಿಯನ್ನು ನೆಟ್ಟಗೆ ಮಾಡಿ. ಹುಟ್ಟಿನ ಒಂದು ಎಲೆಗೆ ಗಾಳಿಚೀಲ ತೊಡಿಸಿ ಊದಿ. ಇನ್ನೊಂದು ಎಲೆಯನ್ನು ಹಿಂದಿನ ಡೆಕ್ಕಿನ ಪಟ್ಟಿಗಳಡಿ ತೂರಿಸಿ, ಹುಟ್ಟು ದೋಣಿಗೆ ಅಡ್ಡಲಾಗಿ ನಿಲ್ಲುವಂತೆ ಮಾಡಿ. ಈಗ ಕಯಾಕ್‌ಗೂ ಒಂದು ತೇಲುಮರ ಬಂತು. ಕಾಲು ಬಡಿದು ಹಿಂದಿನ ಡೆಕ್ಕಿನ ಮೇಲೆ ಹೊಟ್ಟೆಯಡಿಯಾಗಿ ಜಾರಿ, ಮುಖ ದೋಣಿಯ ಬಾಲದ ಕಡೆಗಿಟ್ಟು, ಒಂದೊಂದೇ ಕಾಲನ್ನು ಕಂಡಿಯೊಳಗೆ ಇಳಿಸಿ, ಗಾಳಿಚೀಲದ ಕಡೆಗೇ ಭಾರ ಇಟ್ಟುಕೊಂಡು ಹೊರಳಿ ಕುಳಿತುಕೊಳ್ಳಿ. ಆಮೇಲೆ ಕೈಪಂಪಿನಿಂದ ನೀರು ಹೊರಹಾಕಿ. ಪಂಪನ್ನೂ ಗಾಳಿಚೀಲವನ್ನೂ ಕೈಗೆಟಕುವಂತೆ ಡೆಕ್ಕಿಗೇ ಕಟ್ಟಿಟ್ಟಿರಬೇಕು.

ಜೊತೆಗೆ ಇನ್ನೊಂದು ಕಯಾಕ್ ಇದ್ದರೆ ಕೆಲಸ ಅರ್ಧಕ್ಕಿಂತ ಕಡಿಮೆ. ಜೊತೆಗಾರರು ಬೋರಲಾದ ದೋಣಿಯ ಮೂತಿಯನ್ನು ತಮ್ಮ ಡೆಕ್ಕಿನ ಮೇಲೆ ಎಳೆದು ನೀರು ಸುರಿಸಿ, ತಿರುಗಿಸಿ, ಪಕ್ಕಕ್ಕೆ ತಂದು ಗಟ್ಟಿಯಾಗಿ ಹಿಡಿಯುತ್ತಾರೆ. ಬಿದ್ದವರು ಹತ್ತಿದರಾಯಿತು.

ಇವೆಲ್ಲ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಲೈಮ್ ಬೇ ದುರಂತ ಸಾಕ್ಷಿ. 1993ರ ಮಾರ್ಚ್ 22ರಂದು ಎಂಟು ಶಾಲಾ ಮಕ್ಕಳು, ಒಬ್ಬ ಶಿಕ್ಷಕರು, ಇಬ್ಬರು ತರಬೇತುದಾರರು ದಡದ ಪಕ್ಕದಲ್ಲೇ ಒಂದು ಸಣ್ಣ ಕಯಾಕ್ ಪಯಣಕ್ಕೆ ಹೊರಟರು. ಸ್ಪ್ರೇ ಸ್ಕರ್ಟ್ ಇರಲಿಲ್ಲ. ಗಾಳಿ ಎಲ್ಲರನ್ನೂ ಕಡಲಿನತ್ತ ತಳ್ಳಿತು. ಅಲೆಗಳು ಒಂದೊಂದಾಗಿ ದೋಣಿಗಳನ್ನು ತುಂಬಿದವು. ನೆರವು ಕೇಳಲು ಅವರ ಬಳಿ ಸಾಧನವೂ ಇರಲಿಲ್ಲ. ನಾಲ್ವರು ಮಕ್ಕಳು ತಣ್ಣೀರಿನಲ್ಲಿ ಜೀವ ಬಿಟ್ಟರು. ಎರಡು ವರ್ಷದ ಬಳಿಕ, 1995ರಲ್ಲಿ, ಇಂಥ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಅಲ್ಲಿ ಬಂತು.

ನಮ್ಮ ನೀರು, ನಮ್ಮ ಗಾಳಿ

ನಮ್ಮಲ್ಲಿ ನೀರು ಅಷ್ಟು ತಣ್ಣಗಿಲ್ಲ, ಅದೊಂದು ಪುಣ್ಯ. ಆದರೆ ನಮ್ಮ ಅಪಾಯಗಳು ಬೇರೆ. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಭರತ ಇಳಿತದ ಅಂತರ ನಾಲ್ಕು ಮೀಟರಿಗೂ ಮೀರುತ್ತದೆ. ಇಳಿತದ ಹೊತ್ತು ಖಾಡಿಯ ನೀರು ಕಡಲಿನತ್ತ ಎಳೆಯುವಾಗ ಎದುರು ಹುಟ್ಟು ಹಾಕಿ ದಡ ಸೇರುವುದು ಬಲ್ಲವರಿಗೂ ಕಷ್ಟ. ಆಮೇಲೆ ಉಳಿಯುವುದು ಕೆಸರು, ಅದರಲ್ಲಿ ನಡೆಯಲೂ ಆಗದು, ತೇಲಲೂ ಆಗದು. ಪುಣೆ ಸುತ್ತಲಿನ ಜಲಾಶಯಗಳಲ್ಲಿ ಬೆಳಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಗಾಳಿಗೆ ಕೆದರುತ್ತದೆ. ಅಣೆಕಟ್ಟಿನ ಬಾಗಿಲ ಬಳಿ, ಮೀನುಬಲೆಗಳ ನಡುವೆ, ಜಲಕಳೆ ಹಬ್ಬಿದಲ್ಲಿ ಹೋಗಲೇಬಾರದು. ಎಲ್ಲ ಜಲಾಶಯಗಳಲ್ಲೂ ದೋಣಿ ಇಳಿಸಲು ಬಿಡುವುದಿಲ್ಲ, ಮೊದಲು ಕೇಳಿಕೊಳ್ಳಿ.

ಕರಾವಳಿಯವರ ಹಳೆಯ ಲೆಕ್ಕ ಇಲ್ಲಿ ಇಂದಿಗೂ ಸಲ್ಲುತ್ತದೆ. ಮಳೆಗಾಲದಲ್ಲಿ ಕಡಲಿಗಿಳಿಯದೆ, ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಆಮೇಲೆ ದೋಣಿ ನೂಕುವ ಪದ್ಧತಿ ಅದು. ಮುಂಬಯಿಯ ಕೋಳಿ ಮೀನುಗಾರರ ನಾರಳಿ ಪೂರ್ಣಿಮೆಯೂ ಅದೇ ದಿನ. ಹುಟ್ಟಿದಂದಿನಿಂದ ಕಡಲು ಕಂಡವರೇ ಕಾಯುವಾಗ ವಾರಾಂತ್ಯದ ಹುಟ್ಟುಗಾರರಿಗೆ ಅವಸರ ಏಕೆ?

ಲೈಫ್ ಜಾಕೆಟ್ ಮೈಮೇಲೆ ಬಿಗಿದಿರಬೇಕು, ಡೆಕ್ಕಿನ ಮೇಲಲ್ಲ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ತೀರಿಹೋದರು. ಸಾಮರ್ಥ್ಯ ಮೀರಿ ಜನ ಹತ್ತಿದ್ದರು, ಹಲವರ ಮೈಮೇಲೆ ಜಾಕೆಟ್ ಇರಲಿಲ್ಲ. ಊರ ನಡುವಿನ ಕೆರೆಯೂ ಕಡಲಿನಷ್ಟೇ ನಿರ್ದಯಿ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿ. ಮೊಬೈಲನ್ನು ನೀರು ನುಗ್ಗದ ಚೀಲದಲ್ಲಿ ನಿಮ್ಮ ಮೈಮೇಲೆ ಇಟ್ಟುಕೊಳ್ಳಿ, ದೋಣಿಯೊಳಗಿದ್ದರೆ ದೋಣಿಯ ಜೊತೆಗೇ ಹೋಗುತ್ತದೆ. ಕಡಲಿನಲ್ಲಾದರೆ ಕೋಸ್ಟ್ ಗಾರ್ಡ್‌ನ 1554, ಉಳಿದೆಡೆ 112. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ.

ದೋಣಿಯ ಪರೀಕ್ಷೆ, ನಮ್ಮದೂ

ಬಣ್ಣ ಒಣಗಿದ ದಿನ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಿ. ಆದರೆ ಮೊದಲ ಪಯಣಕ್ಕೆ ಮುಂಚೆ ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಈಜು ಬಲ್ಲವರೊಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ. ಕಯಾಕ್ ಕಲಿಸುವವರು ಸಿಕ್ಕರೆ ಅವರ ಕಣ್ಣೆದುರೇ ಆಗಲಿ. ಕಂಡಿಯ ತುಂಬ ನೀರು ತುಂಬಿಸಿ, ದೋಣಿ ಸಮತಟ್ಟಾಗಿ ತೇಲುತ್ತದೆಯೇ ನೋಡಿ. ಒಂದು ಮುಚ್ಚಳ ತೆಗೆದು ಮತ್ತೆ ತುಂಬಿಸಿ, ಫೋಮ್ ಎತ್ತಿ ಹಿಡಿಯುತ್ತದೆಯೇ ನೋಡಿ. ಆಮೇಲೆ ಹೊರಬರುವುದು, ಹತ್ತುವುದು, ನೀರು ಖಾಲಿ ಮಾಡುವುದು. ಹತ್ತು ಸಲ ಮಾಡಿ. ಅದು ಸಲೀಸಾದ ಮೇಲೆ ಕಾಲು ನಿಲುಕದ ನೀರಿನಲ್ಲಿ, ಅದೂ ಆದ ಮೇಲೆ ಸ್ವಲ್ಪ ಗಾಳಿಯಿರುವ ದಿನ.

ಕೊಂಡಿಯೊಂದು ಅಡ್ಡ ಬಂದರೆ ಕಿತ್ತು ಬೇರೆಡೆ ಕೂರಿಸಿ, ಪಟ್ಟಿ ಸಡಿಲವಾದರೆ ಬಿಗಿಯಿರಿ, ಆಸನ ಎತ್ತರವೆನಿಸಿದರೆ ಒಂದಿಂಚು ಇಳಿಸಿ. ಕೈಯಾರೆ ಕಟ್ಟಿದ ದೋಣಿಯಲ್ಲಿ ಇದೆಲ್ಲ ಒಂದು ಸಂಜೆಯ ಕೆಲಸ. ಹತ್ತನೆಯ ಸಲ ಮಗುಚಿ, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕುಳಿತು, ಒಳಗಿನ ನೀರು ಹೊರಹಾಕಿ ಹುಟ್ಟು ಕೈಗೆತ್ತಿಕೊಂಡಿರೋ, ಆ ದಿನ ಕಯಾಕ್ ಪೂರ್ತಿಯಾಯಿತೆಂದು ತಿಳಿಯಿರಿ. ಅದಕ್ಕೊಂದು ಹೆಸರಿಡಲು ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.